ನಾಲ್ಕನೇ ಸೀಟಿನ ಭಾಷೆ

ರಬಾಳೆ, ನವಿ ಮುಂಬೈ
12 ಫೆಬ್ರವರಿ 2007

ಪ್ರಣೀತಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಹರಿದುಹಾಕೋಣ ಎಂದು ನಿನಗೆ ಅನ್ನಿಸಿರುತ್ತದೆ. ಹಾಗೆ ಮಾಡುವಂತಿಲ್ಲ. ನಮ್ಮ ಕೈಪಿಡಿಯ ಕೊನೆಯ ಪುಟದಲ್ಲಿ ನೀನೇ ಬರೆದ ನಿಯಮವಿದೆ: ‘ಈ ಭಾಷೆಯ ಬಗ್ಗೆ ದೂರು ಇದ್ದವರು ಕನ್ನಡದಲ್ಲಿ, ಸ್ವಂತ ಕೈಬರಹದಲ್ಲಿ, ಕ್ಷೇಮಸಮಾಚಾರ ವಿಚಾರಿಸಿ, ಅಂಚೆಯ ಮೂಲಕವೇ ಕಳಿಸತಕ್ಕದ್ದು. ಇಮೇಲ್ ಮಾಡಿದವರ ದೂರನ್ನು ಓದದೆಯೇ ನಗಲಾಗುವುದು.’ ಫೋನನ್ನಂತೂ ನೀನು ಎತ್ತುವುದಿಲ್ಲ. ಆದ್ದರಿಂದ, ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಈಗ ದೂರು.

‘ನಾಲ್ಕನೇ ಸೀಟು’ ಇನ್ನೂ ಓಡುತ್ತಿದೆ.

ನೆನಪಿದೆಯಲ್ಲ? ಡೊಂಬಿವಲಿಯಿಂದ ಠಾಣೆಗೆ ಬರುವ ಲೋಕಲ್‌ನಲ್ಲಿ, ಮೂರು ಜನರ ಬೆಂಚಿನ ತುದಿಗೆ ನಾಲ್ಕನೆಯವನಾಗಿ ಅರ್ಧ ಮೈ ಊರಿಕೊಂಡು ನಾನು, ಎದುರಿಗೆ ಕಂಬ ಹಿಡಿದು ನೀನು. ಕಂಪ್ಯೂಟರ್ ಭಾಷೆಗಳನ್ನೆಲ್ಲ ಲೋಕಲ್ ಹತ್ತದ ಜನ ಬರೆದಿದ್ದಾರೆ, ಅದಕ್ಕೇ ಅವುಗಳಿಗೆ ಹೊಂದಾಣಿಕೆ ಗೊತ್ತಿಲ್ಲ ಎಂದು ನೀನು ಹೇಳಿದೆ. ಠಾಣೆ ಬರುವುದರೊಳಗೆ ನಮ್ಮ ಭಾಷೆ ಹುಟ್ಟಿತ್ತು. ಮೂರೇ ಸಂಖ್ಯೆ ಹಿಡಿಯುವ ಜಾಗದಲ್ಲಿ ‘ಜರಾ ಸರ್ಕೋ’, ಸ್ವಲ್ಪ ಸರಿಯಿರಿ, ಎಂದರೆ ನಾಲ್ಕನೆಯದೂ ಕೂರುತ್ತದೆ, ಅರ್ಧ. ತಪ್ಪಾದರೆ ‘ಅಡ್ಜಸ್ಟ್ ಮಾಡಿ’ ಎಂದರಾಯಿತು. ಉತ್ತರಗಳು ಮೂರು: ಹೌದು, ಇಲ್ಲ, ನೋಡೋಣ. ಇನ್ನು ಕೆಲಸ ಮುಗಿಸಿ ಹೊರಡುವ ಆಜ್ಞೆ ನಿನ್ನ ಅಮ್ಮನ ಕೊಡುಗೆ. ನಿಮ್ಮ ಮನೆಯಿಂದ ಹೊರಡುವಾಗ ನಾನೊಮ್ಮೆ ಬಾಯಿತಪ್ಪಿ ‘ಹೋಗ್ತೀನಿ ಆಂಟಿ’ ಎಂದದ್ದಕ್ಕೆ ಅವರು ನನ್ನನ್ನು ಪುನಃ ಒಳಗೆ ಕರೆದು, “ಹಾಗೆಲ್ಲ ಹೇಳ್ಬಾರ್ದು ಮಾರಾಯಾ, ಕೂತ್ಕೊ, ನೀರು ಕುಡಿ, ಬರ್ತೇನೆ ಅಂತ ಹೇಳಿ ಹೊರಡು” ಅಂದಿದ್ದರು. ಹಾಗಾಗಿ ನಮ್ಮ ಭಾಷೆಯಲ್ಲಿ ಪ್ರೋಗ್ರಾಂ ನಿಲ್ಲುವಾಗ ಪರದೆಯ ಮೇಲೆ BARTENE ಎಂದು ಬರುತ್ತದೆ.

ಈಗ ವಿಷಯ. 2005ರಲ್ಲಿ ನೀನು ನಮ್ಮ ಆಫೀಸು ಬಿಟ್ಟ ತಿಂಗಳು ಶಹಾಡ್‌ನ ಒಂದು ಬಣ್ಣದ ಕಾರ್ಖಾನೆಗೆ ವಿಷಾನಿಲದ ಕಾವಲು ವ್ಯವಸ್ಥೆ ಕೊಡಬೇಕಿತ್ತು. ಮೂರು ಕಡೆ ಸೆನ್ಸರ್, ಗ್ಯಾಸ್ ಸೋರಿದರೆ ಸೈರನ್. ನಿಜವಾದ ಪ್ರೋಗ್ರಾಂ ಇನ್ನೂ ತಯಾರಾಗಿರಲಿಲ್ಲ, ಗಿರಾಕಿಗಳು ನೋಡಲು ಬರುವವರಿದ್ದರು. ಎರಡು ದಿನದ ಮಟ್ಟಿಗೆ ಎಂದು ನಮ್ಮದನ್ನೇ ಕೂರಿಸಿದೆ. ಅವರಿಗೆ ಅದು ಇಷ್ಟವಾಯಿತು. ಬಾಸ್ ಕೈಕುಲುಕಿದರು. ನಾನು ಅದನ್ನು ತೆಗೆಯಲೇ ಇಲ್ಲ.

ಮೊನ್ನೆ ಸರ್ವಿಸ್‌ಗೆ ಹೋಗಿದ್ದೆ. ಅಲ್ಲಿನ ಹಳೆಯ ಆಪರೇಟರ್ ಜಯಶೀಲಣ್ಣ ಮೂಲ್ಕಿಯವರು. ಪರದೆಯಲ್ಲಿ BARTENE ಬಂದಾಗ “ಎಂತ ಮಾರಾಯ್ರೆ, ನಿಮ್ಮ ಮಿಷನ್ ಪುನಃ ಇಳಿದು ಹೋಯ್ತಲ್ಲ” ಎಂದು ನಗುತ್ತಾ ಮತ್ತೆ ಚಾಲೂ ಮಾಡುತ್ತಾರಂತೆ. ಈಗ ಕಾರ್ಖಾನೆಯವರು ನೆಲದಡಿಯಲ್ಲಿ ಹೊಸದೊಂದು ಟ್ಯಾಂಕಿನ ಕೋಣೆ ಕಟ್ಟಿಸಿ, ಅದಕ್ಕೂ ಒಂದು ಸೆನ್ಸರ್ ತರಿಸಿದ್ದಾರೆ. ನಾಲ್ಕನೆಯದು. ನಮ್ಮ ಭಾಷೆಯ ಮೂಲ ಇರುವ ಸಿ.ಡಿ. ನಿನ್ನ ಹತ್ತಿರ ಮಾತ್ರ ಇದೆ. ಕಳಿಸಿಕೊಡುತ್ತೀಯಾ?

ಬರ್ತೇನೆ,
ಸುಪ್ರೀತ್


ಕಲ್ಯಾಣ
20 ಫೆಬ್ರವರಿ 2007

ಸುಪ್ರೀತ್,

ನಿನ್ನ ದೂರು ತಲುಪಿತು. ನಿಯಮದಂತೆ ಮೊದಲು ನಗಬೇಕಿತ್ತು. ನಗು ಬರಲಿಲ್ಲ.

ಅದನ್ನು ನಾವು ನಗುವುದಕ್ಕೆಂದು ಮಾಡಿದ್ದು. ಸಂಜೆ ಠಾಣೆಯ ಗದ್ದಲದಲ್ಲಿ ವಡಾಪಾವ್ ತಿನ್ನುತ್ತಾ ಮಾಡಿದ ಮಂಗಾಟ ಅದು. ಅದನ್ನು ಮನುಷ್ಯರ ಉಸಿರಿಗೆ ಕಾವಲು ಕೂರಿಸಿ ಎರಡು ವರ್ಷ ಆರಾಮವಾಗಿ ನಿದ್ದೆ ಮಾಡಿದೆಯಲ್ಲ! ಕೈಪಿಡಿಯ ಮೊದಲ ಪುಟದಲ್ಲಿ ‘ಇದನ್ನು ಯಾವ ಕೆಲಸಕ್ಕೂ ಬಳಸಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದೂ ನಾನೇ. ಆ ಪುಟ ಮಾತ್ರ ನಿನಗೆ ನೆನಪಿಲ್ಲ.

ನಾಲ್ಕನೆಯ ಸೆನ್ಸರ್ ಸೇರಿಸಬೇಡ. ನೀನು ಮರೆತಿದ್ದರೆ ಹೇಳುತ್ತೇನೆ ಕೇಳು. ನಾಲ್ಕನೆಯದು ಅರ್ಧ ಕೂತಿರುತ್ತದೆ. ಸುಮ್ಮನಿರುವಾಗ ತೊಂದರೆಯಿಲ್ಲ. ರಶ್ ಆದಾಗ, ಅಂದರೆ ನಾಲ್ಕೂ ಸೆನ್ಸರ್‌ಗಳು ಒಟ್ಟಿಗೆ ಕೂಗಿಕೊಂಡಾಗ, ನಮ್ಮ ಪ್ರೋಗ್ರಾಂ ಏನು ಮಾಡುತ್ತದೆ? ಮುಂಬ್ರಾ ಸ್ಟೇಷನ್ನಿನ ನೂಕಾಟ ನೋಡಿ ಇಳಿದುಬಿಡುವ ಸಭ್ಯ ಮನುಷ್ಯನ ಹಾಗೆ, ಯಾರಿಗೂ ತೊಂದರೆ ಕೊಡದೆ, ಬರ್ತೇನೆ ಎಂದು ಹೇಳಿ ಇಳಿದು ಹೋಗುತ್ತದೆ. ಈ ಸಭ್ಯತೆ ನಿನ್ನ ಐಡಿಯಾ. ಆಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಯೋಚಿಸು. ಗ್ಯಾಸ್ ಎಲ್ಲ ಕಡೆ ಸೋರಿದ ಹೊತ್ತಿಗೆ ಸರಿಯಾಗಿ ಕಾವಲುಗಾರ ಮನೆಗೆ ಹೋಗಿರುತ್ತಾನೆ. ಸೈರನ್ ಕೂಗುವುದಿಲ್ಲ.

ಅದನ್ನು ಕಿತ್ತು ನಿಜವಾದದ್ದನ್ನು ಹಾಕು. ನೋಡೋಣ ಎನ್ನಬೇಡ. ಎರಡು ವರ್ಷದ ಹಿಂದೆ ನಾನು ಒಂದು ಮಾತು ಕೇಳಿದಾಗಲೂ, ನಿನ್ನ ಅಮ್ಮನ ಹತ್ತಿರ ನಮ್ಮ ವಿಷಯ ಎತ್ತುತ್ತೀಯಾ ಎಂದು ಕೇಳಿದಾಗಲೂ, ನೀನು ಅದನ್ನೇ ಹೇಳಿದ್ದೆ. ‘ನೋಡೋಣ: ಇಲ್ಲ ಎನ್ನುವ ಧೈರ್ಯ ಸಾಲದಾಗ ಬಳಸುವುದು’ ಎಂದು ಕೈಪಿಡಿಯಲ್ಲಿ ಬರೆದವಳು ನಾನಾದ್ದರಿಂದ ಬೇಗ ಅರ್ಥವಾಯಿತು. ಮೇಜು ಖಾಲಿ ಮಾಡಿ ಬಂದೆ. ಈಗ ಇಲ್ಲಿ ಸ್ಟೇಷನ್ ಹತ್ತಿರದ ಕ್ಲಾಸಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಚೆನ್ನಾಗಿದ್ದೇನೆ.

ಒಂದೇ ಒಂದು ಪ್ರಶ್ನೆ. ಶಹಾಡ್‌ನಲ್ಲಿ ಯಾವ ಕಾರ್ಖಾನೆ? ನನ್ನ ತಮ್ಮ ಮನೀಷ್ ದೀಪಾವಳಿಯಿಂದ ಅಲ್ಲಿನ ಒಂದು ಬಣ್ಣದ ಕಾರ್ಖಾನೆಗೆ ಹೋಗುತ್ತಿದ್ದಾನೆ. ಸ್ಟೇಷನ್‌ನಿಂದ ಇಳಿದು ನದಿಯ ಕಡೆಗೆ ನಡೆದರೆ ಎಡಗಡೆ, ಗೋಡೆಯ ಬುಡದ ನೀರು ನೇರಳೆ ಬಣ್ಣಕ್ಕಿರುತ್ತದಂತೆ. ಅದೇ ಅಲ್ಲ ತಾನೇ?

ಪ್ರಣೀತಾ


ರಬಾಳೆ
9 ಮಾರ್ಚ್ 2007

ಪ್ರಣೀತಾ,

ಬೈದು ಬರೆದ ಕಾಗದವಾದರೂ ನಿನ್ನದೇ ಕೈಬರಹ. ಎರಡು ಸಲ ಓದಿದೆ. ಮೂರನೆಯ ಸಲ ಓದುವ ಧೈರ್ಯ ಆಗಲಿಲ್ಲ.

ಶಹಾಡ್‌ನಲ್ಲಿ ಬಣ್ಣದ ಕಾರ್ಖಾನೆಗಳು ಬೇಕಾದಷ್ಟಿವೆ. ಎಲ್ಲರ ಗೋಡೆಯ ಬುಡದಲ್ಲೂ ಏನಾದರೊಂದು ಬಣ್ಣದ ನೀರು ಇದ್ದೇ ಇರುತ್ತದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಬಾಸ್ ಹತ್ತಿರ ಮಾತಾಡಿದೆ. ಪೂರ್ತಿ ಹೇಳಲಿಲ್ಲ. ‘ಸರ್, ಆ ಪ್ರೋಗ್ರಾಂ ಹಳೆಯದಾಯಿತು, ಬದಲಿಸೋಣ’ ಎಂದೆ. “ಯಾಕಯ್ಯಾ? ಎರಡು ವರ್ಷದಲ್ಲಿ ಒಂದೇ ಒಂದು ಫಾಲ್ಸ್ ಅಲಾರ್ಮ್ ಇಲ್ಲ. ಗಿರಾಕಿ ಹಾಡಿ ಹೊಗಳ್ತಾ ಇದಾನೆ. ಓಡೋ ಕುದುರೇನ ಯಾಕೆ ನಿಲ್ಲಿಸ್ತೀಯ?” ಎಂದರು. ಸುಳ್ಳು ಅಲಾರ್ಮ್ ಇಲ್ಲ ನಿಜ. ನಿಜದ ಅಲಾರ್ಮ್ ಕೂಡ ಒಂದು ಸಲವೂ ಕೂಗಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಗೊತ್ತಾಗಲಿಲ್ಲ. ಹೊರಗೆ ಬಂದೆ.

ತಮಾಷೆಯ ಭಾಷೆಯನ್ನು ಕೂರಿಸಿದ್ದೇನೆ ಎಂದು ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೋಗಲಿ. ಆದರೆ ಬಾಸ್ ಅದನ್ನು ಮುಚ್ಚಿಹಾಕುತ್ತಾರೆ, ಅದು ಅಲ್ಲೇ ಇರುತ್ತದೆ, ತೆಗೆಯುವುದಕ್ಕೆ ಗೊತ್ತಿರುವವನು ಮಾತ್ರ ಇರುವುದಿಲ್ಲ. ಇದು ನೆಪ ಎಂದು ನಿನಗೆ ಅನ್ನಿಸಿದರೆ, ಅರ್ಧ ನೆಪ ಹೌದು.

ಜಯಶೀಲಣ್ಣ ಈ ತಿಂಗಳು ರಿಟೈರ್ ಆಗಿ ಊರಿಗೆ ಹೊರಟರು. ವಿದಾಯಕ್ಕೆ ನನ್ನನ್ನೂ ಕರೆದಿದ್ದರು. ಗೇಟಿನ ಹತ್ತಿರ ಕೈ ಹಿಡಿದುಕೊಂಡು, “ಆ ಮಿಷನ್ ಬರ್ತೇನೆ ಅಂದ್ರೆ ಹೋಯ್ತು ಅಂತ ಅರ್ಥ ಅಂತ ಹೊಸಬರಿಗೆ ಹೇಳಿಟ್ಟಿದ್ದೇನೆ ಮಾರಾಯ್ರೆ. ಆದ್ರೆ ಅವ್ರೆಲ್ಲ ಉತ್ತರದ ಭಯ್ಯಾ ಲೋಗ್, ಕನ್ನಡ ಬಾರದವ್ರು. ಎಷ್ಟು ತಲೆಗೆ ಹೋಯ್ತೋ ಗೊತ್ತಿಲ್ಲ” ಎಂದರು. ಇಷ್ಟು ದಿನ ಆ ಕಾರ್ಖಾನೆಯನ್ನು ಕಾದದ್ದು ನಮ್ಮ ಪ್ರೋಗ್ರಾಂ ಅಲ್ಲ, ಜಯಶೀಲಣ್ಣನ ಕನ್ನಡ.

ನಾಲ್ಕನೆಯ ಸೆನ್ಸರ್ ಗೋಡೆಗೆ ಏರಿದೆ. ನನ್ನನ್ನು ಕೇಳಲಿಲ್ಲ. ಸಿ.ಡಿ. ಕಳಿಸು.

ಬರ್ತೇನೆ,
ಸುಪ್ರೀತ್


ಕಲ್ಯಾಣ
16 ಏಪ್ರಿಲ್ 2007

ಸುಪ್ರೀತ್,

ಸುಳ್ಳು ಹೇಳುವುದಾದರೆ ಸರಿಯಾಗಿ ಹೇಳಬೇಕು. ‘ಬೇಕಾದಷ್ಟಿವೆ’ ಎಂದು ಬರೆದಾಗಲೇ ನನಗೆ ಗೊತ್ತಾಗಿತ್ತು. ಗೊತ್ತಾಗದ ಹಾಗೆ ನಾನೇ ಒಂದು ತಿಂಗಳು ನಟಿಸಿದೆ.

ನಿನ್ನೆ ಬಿಸು, ನಮ್ಮ ತುಳುವರ ಹೊಸ ವರ್ಷ. ಅಮ್ಮ ದೇವರ ಮುಂದೆ ಹಣ್ಣು ತರಕಾರಿಯ ಕಣಿ ಇಟ್ಟು ಪಾಯಸ ಮಾಡಿದ್ದರು. ಮನೀಷ್ ಊಟಕ್ಕೆ ಕೂತವನು ನಗಲು ಶುರು ಮಾಡಿದ. ಅವನು ಹೇಗೆಂದು ನಿನಗೆ ಹಿಂದೆ ಹೇಳಿದ್ದೇನಲ್ಲ: ಅಮ್ಮ ತುಳುವಿನಲ್ಲಿ ಕೇಳಿದರೂ, ನಾನು ಕನ್ನಡದಲ್ಲಿ ಕೇಳಿದರೂ, ಅವನು ಉತ್ತರ ಕೊಡುವುದು ಹಿಂದಿಯಲ್ಲಿ.

“ದೀದಿ, ಅಪ್ನೇ ಪ್ಲಾಂಟ್ ಕಾ ಪ್ಯಾನಲ್ ಕನ್ನಡಾ ಬೋಲ್ತಾ ಹೈ!” ಎಂದ. ಅವರ ಕಾರ್ಖಾನೆಯ ಮಿಷನ್ ಕನ್ನಡ ಮಾತಾಡುತ್ತದಂತೆ.

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವನು ಹೇಳುತ್ತಾ ಹೋದ. ಪರದೆಯ ಮೇಲೆ BARTENE ಎಂದು ಬಂದಿತ್ತು. ಸೂಪರ್‌ವೈಸರ್ ತಾವ್ಡೆ ಸಾಹೇಬರು ಅದನ್ನು ನೋಡಿ, “ಅರೆ ಮನ್ಯಾ, ತುಮ್ಚ್ಯಾ ಭಾಷೇತ್ ಕಾಯ್ ತರೀ ಲಿಹಿಲಯ್, ಬಘ್” ಎಂದು, ನಿಮ್ಮ ಭಾಷೆಯಲ್ಲಿ ಏನೋ ಬರೆದಿದೆ ನೋಡು ಎಂದು, ಇವನನ್ನು ಕರೆದರಂತೆ. ಈಗ ಆ ಪಾಳಿಯಲ್ಲಿ ಕನ್ನಡ ಬರುವವನು ಇವನೊಬ್ಬನೇ. ಇವನು ಓದಿ ಬಹಳ ಜಂಬದಿಂದ ಅನುವಾದ ಮಾಡಿದ: “ಸರ್, ವೋ ಬೋಲ್ ರಹಾ ಹೈ, ಆ ರಹಾ ಹೂಂ.” ಬರುತ್ತಿದ್ದೇನೆ ಎನ್ನುತ್ತಿದೆ, ಅಂದರೆ ಮಿಷನ್ ಚಾಲೂ ಆಗುತ್ತಿದೆ ಎಂದುಕೊಂಡು ಎಲ್ಲರೂ ಕಾದರಂತೆ. ಪಾಳಿ ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಪಾಳಿಯವರಿಗೂ ‘ಬರ್ತಾ ಇದೆ, ಕಾಯಿರಿ’ ಎಂದು ಹೇಳಿ ಬಂದರಂತೆ.

ಯೋಚಿಸು. ಇವನು ಅದನ್ನು ಮರಾಠಿಯಲ್ಲಿ ಹೇಳಿದ್ದರೆ ‘ಯೇತೋ’ ಎನ್ನುತ್ತಿದ್ದ. ಮರಾಠಿಯವರೂ ಹೊರಡುವಾಗ ಹೇಳುವುದು ಯೇತೋ ಎಂದೇ. ತಾವ್ಡೆ ಸಾಹೇಬರಿಗೆ ಒಂದು ಕ್ಷಣವಾದರೂ ಅನುಮಾನ ಬರುತ್ತಿತ್ತು. ಇವನು ಹಿಂದಿಯಲ್ಲಿ ಹೇಳಿದ. ಹಿಂದಿಯಲ್ಲಿ ಬರುವುದೆಂದರೆ ಬರುವುದು, ಹೋಗುವುದೆಂದರೆ ಹೋಗುವುದು.

ಇವನ ಪಾಡಿಗೆ ಬರ್ತೇನೆ ಅಂದರೆ ಬರ್ತೇನೆ, ಅಷ್ಟೇ. ಕಾಯುತ್ತಾನೆ. ಚಿಕ್ಕವನಿದ್ದಾಗಲೂ ಹಾಗೆಯೇ, ಅಪ್ಪ ಬರ್ತೇನೆ ಎಂದು ಹೋಟೆಲಿಗೆ ಹೊರಟರೆ ಬಾಗಿಲಲ್ಲೇ ಕೂತಿರುತ್ತಿದ್ದ. ಅಪ್ಪ ಆಸ್ಪತ್ರೆಗೆ ಹೊರಟ ದಿನವೂ ಅದನ್ನೇ ಹೇಳಿ ಹೊರಟಿದ್ದರು.

ನನಗೆ ಹೆದರಿಕೆಯಾಗಿದೆ ಸುಪ್ರೀತ್. ಇದರ ಮೇಲೆ ಜೋಕ್ ಮಾಡಬೇಡ. ಆ ಭಾಷೆಯನ್ನು ಮಾಡಿದವಳು ನಾನು ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಕೆಲಸ ಬಿಡು ಎಂದೆ. “ಪಾಗಲ್ ಹೈ ಕ್ಯಾ ದೀದಿ, ಅಗ್ಲೇ ಮಹೀನೇ ಪರ್ಮನೆಂಟ್ ಹೋ ರಹಾ ಹೂಂ” ಎಂದ. ಮುಂದಿನ ತಿಂಗಳು ಕೆಲಸ ಖಾಯಂ ಆಗುತ್ತದಂತೆ. ಅಮ್ಮ ಅವನ ಪರ. ಹಬ್ಬದ ದಿನ ಎಂತ ಅಪಶಕುನದ ಮಾತು ಎಂದು ನನಗೇ ಬೈದರು.

ಸಿ.ಡಿ. ಇದರೊಂದಿಗಿದೆ. ಅದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಬೇಡ. ಬೇಗ ಮಾಡು.

ಪ್ರಣೀತಾ


ರಬಾಳೆ
3 ಮೇ 2007

ಪ್ರಣೀತಾ,

ಹೌದು, ಅದೇ ಕಾರ್ಖಾನೆ. ಮನೀಷ್‌ನನ್ನು ಜನವರಿಯಲ್ಲೇ ಅಲ್ಲಿ ನೋಡಿದ್ದೆ. ನಿನ್ನ ಮೂಗು, ನಿನ್ನ ನಗು. ನಾನು ನಿಮ್ಮ ಮನೆಗೆ ಬಂದಾಗ ಅವನು ಇರದಿದ್ದದ್ದರಿಂದ ಅವನಿಗೆ ನನ್ನ ಗುರುತು ಹತ್ತಲಿಲ್ಲ, ನಾನೂ ಹೇಳಲಿಲ್ಲ. ನಿನಗೆ ಮೊದಲ ಕಾಗದ ಬರೆದದ್ದೂ ಅದಕ್ಕೇ. ಸಿ.ಡಿ. ಒಂದು ಕಾರಣ ಮಾತ್ರ.

ಸಿ.ಡಿ. ಮೇಲೆ ಗೀರು ಬಿದ್ದಿದ್ದರೂ ಓದಲು ಬಂತು. ಅದನ್ನು ಬಿಡಿಸಿ ನೋಡಿ, ಸೆನ್ಸರ್‌ಗಳ ಜೊತೆ ಹೇಗೆ ಮಾತಾಡುತ್ತದೆ ಎಂದು ತಿಳಿದುಕೊಂಡು, ಹೊಸ ಪ್ರೋಗ್ರಾಂ ಬರೆದಿದ್ದೇನೆ. ಸರಿಯಾದ ಭಾಷೆಯಲ್ಲಿ. ಅದರಲ್ಲಿ ಒಂದು ತಮಾಷೆಯೂ ಇಲ್ಲ. ಬರೆಯುವಾಗ ಬೇಸರವಾಯಿತು ಎಂದರೆ ನೀನು ಮತ್ತೆ ಬೈಯುತ್ತೀಯ.

ಈ ಸಲ ಬಾಸ್‌ಗೆ ಪೂರ್ತಿ ಹೇಳಿದೆ. ಅವರು ಎದ್ದು ಕ್ಯಾಬಿನ್ ಬಾಗಿಲು ಹಾಕಿದರು. ಇನ್ನು ಯಾರಿಗೂ ಹೇಳಬಾರದು ಎಂದರು. ಮಳೆಗಾಲದ ನಂತರ ಕಾರ್ಖಾನೆ ಒಂದು ವಾರ ಬಂದ್ ಇರುತ್ತದೆ, ಆಗ ಸದ್ದಿಲ್ಲದೆ ಬದಲಿಸೋಣ ಎಂದರು. ಅಲ್ಲಿಯವರೆಗೆ ನಾನು ಶಹಾಡ್ ಕಡೆ ತಲೆ ಹಾಕುವಂತಿಲ್ಲ.

ನಾನು ‘ಆಗಲ್ಲ ಸರ್’ ಎಂದೆ. ಜೀವನದಲ್ಲಿ ಮೊದಲ ಸಲ ಇರಬೇಕು. ನೀನು ಎದುರಿಗಿರಬೇಕಿತ್ತು ಅನ್ನಿಸಿತು.

ಬರ್ತೇನೆ,
ಸುಪ್ರೀತ್


ಕಲ್ಯಾಣ
11 ಮೇ 2007

ಸುಪ್ರೀತ್,

ಜನವರಿಯಿಂದ ಗೊತ್ತಿತ್ತು! ಅದಕ್ಕಿಂತ ಹೆಚ್ಚು ಬರೆದರೆ ಕಾಗದ ಹರಿದೀತು.

ಮಳೆಗಾಲ ಮುಗಿಯುವವರೆಗೆ ನೀವೆಲ್ಲ ಕಾಯಬಹುದು, ಅಲ್ಲಿರುವುದು ನಿಮ್ಮ ತಮ್ಮನಲ್ಲವಲ್ಲ. ಕಾರ್ಖಾನೆಗೆ ನಾನೇ ಬರೆದೆ. ಅವರ ಉತ್ತರ ಬಂತು. ವ್ಯವಸ್ಥೆ ಸರ್ಟಿಫೈಡ್ ಆಗಿದೆಯಂತೆ, ನನ್ನ ಕಾಳಜಿಗೆ ಧನ್ಯವಾದವಂತೆ. ಜೊತೆಗೆ ತಾವ್ಡೆ ಸಾಹೇಬರು ಮನೀಷ್‌ನನ್ನು ಎಲ್ಲರ ಎದುರಿಗೆ ನಿಲ್ಲಿಸಿ, ನಿನ್ನ ಅಕ್ಕನಿಗೆ ಬೇರೆ ಕೆಲಸ ಇಲ್ಲವಾ ಎಂದು ಕೇಳಿದರಂತೆ. ಅವನು ಮನೆಗೆ ಬಂದು ತಟ್ಟೆ ಕುಕ್ಕಿದ. ನನ್ನ ಜೊತೆ ಮಾತಿಲ್ಲ.

‘ಆಗಲ್ಲ ಸರ್’ ಎಂದೆಯಂತೆ, ಯಾವತ್ತು ಮಾಡುತ್ತೀ ಎಂದು ಮಾತ್ರ ಬರೆದಿಲ್ಲ. ನೀನೂ ಮಾಡುವುದಿಲ್ಲ, ಅವರೂ ಮಾಡುವುದಿಲ್ಲ. ಸರಿ. ನನ್ನ ಕೈಲಾದದ್ದನ್ನು ನಾನು ಮಾಡುತ್ತೇನೆ.

ಪ್ರಣೀತಾ


ರಬಾಳೆ
24 ಮೇ 2007, ಗುರುವಾರ

ಪ್ರಣೀತಾ,

ನಾಡಿದ್ದು ಶನಿವಾರ ಹೋಗುತ್ತಿದ್ದೇನೆ. ಬಾಸ್‌ಗೆ ಹೇಳಿಲ್ಲ. ಜ್ವರ ಎಂದು ರಜೆ ಹಾಕಿದ್ದೇನೆ.

ಈ ಕಾಗದ ನಿನಗೆ ಶುಕ್ರವಾರವೇ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪರವಾಗಿಲ್ಲ. ಯಾಕೆಂದರೆ ನಾನು ಮನೀಷ್‌ನನ್ನು ಮಂಗಳವಾರ ಶಹಾಡ್ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಹಿಡಿದು ಮಾತಾಡಿದೆ. ನಿನ್ನ ಜೊತೆ ಕೆಲಸ ಮಾಡುತ್ತಿದ್ದವನು ಎಂದಷ್ಟೇ ಹೇಳಿದೆ. ಪ್ಯಾನಲ್ ರಿಪೇರಿ ಮಾಡಿಬಿಟ್ಟರೆ ಅಕ್ಕ ಸುಮ್ಮನಾಗುತ್ತಾಳೆ ಎಂದದ್ದಕ್ಕೆ ಥಟ್ಟನೆ ಒಪ್ಪಿದ. “ತೋ ಫಿರ್ ಜಲ್ದೀ ಕರೋ ಭಯ್ಯಾ, ಘರ್ ಮೇ ಜೀನಾ ಮುಶ್ಕಿಲ್ ಹೈ” ಎಂದ. ಮನೆಯಲ್ಲಿ ಬದುಕುವುದೇ ಕಷ್ಟವಾಗಿದೆಯಂತೆ. ಶನಿವಾರ ಮಧ್ಯಾಹ್ನದ ಪಾಳಿ ಮುಗಿಯುವ ಮುಂಚೆ ಅವನೇ ನನ್ನನ್ನು ಹಿಂದಿನ ಗೇಟಿನಿಂದ ಒಳಗೆ ಬಿಡುತ್ತಾನೆ. ಗೇಟಿನ ಪುಸ್ತಕದಲ್ಲಿ ನನ್ನ ಹೆಸರು ಇರುವುದಿಲ್ಲ. ತಾವ್ಡೆ ಸಾಹೇಬರು ಶನಿವಾರ ಬೇಗ ಹೊರಡುತ್ತಾರೆ. ಭಾನುವಾರ ಕಾರ್ಖಾನೆಗೆ ಬೀಗ. ಸೋಮವಾರ ಬೆಳಿಗ್ಗೆ ಎಲ್ಲರೂ ಬರುವ ಹೊತ್ತಿಗೆ ಹೊಸ ಪ್ರೋಗ್ರಾಂ ಓಡುತ್ತಿರುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಹಳೆಯದನ್ನು ನಿಲ್ಲಿಸಿ ಹೊಸದನ್ನು ಹಾಕಬೇಕು. ಆಮೇಲೆ ನೆಲದಡಿಯ ಕೋಣೆಗೆ ಇಳಿದು ನಾಲ್ಕನೆಯ ಸೆನ್ಸರ್‌ನ ವೈರು ಬದಲಿಸಬೇಕು. ಅದು ಮುಗಿಯುವವರೆಗೆ ಕಾವಲು ಇರುವುದಿಲ್ಲ, ಸೈರನ್ ಕೂಗುವುದಿಲ್ಲ. ಆ ಕೋಣೆಯ ಗಾಳಿ ಸರಿಯಿಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ. ಬಾಗಿಲಿಗೆ ಚಿಲಕ ಹೊರಗಿನಿಂದ ಮಾತ್ರ. ಮೊಬೈಲನ್ನು ಒಳಗೆ ಒಯ್ಯುವಂತಿಲ್ಲ, ಕಿಡಿಯ ಭಯ. ಅದಕ್ಕೇ ಬಾಗಿಲ ಹತ್ತಿರ ಒಬ್ಬ ನಿಂತಿರಬೇಕು, ಇಳಿದವನು ಬೇಗ ಮೇಲೆ ಬರದಿದ್ದರೆ ಎಳೆದುಕೊಳ್ಳಲು. ಅಲ್ಲಿಯ ನಿಯಮವೂ ಅದೇ.

ಆ ಒಬ್ಬ ಮನೀಷ್. ಅವನನ್ನು ಒಳಗೆ ಇಳಿಯಲು ಬಿಡುವುದಿಲ್ಲ, ಮಾತು ಕೊಡುತ್ತೇನೆ. ಅವನಿಗೆ ದೊಡ್ಡ ಭಾಷಣವನ್ನೂ ಕೊಡುವುದಿಲ್ಲ, ಹೆದರಿಯಾನು. ಇಳಿಯುವಾಗ ಬರ್ತೇನೆ ಎನ್ನುತ್ತೇನೆ, ಅಷ್ಟು ಸಾಕು. ಅವನಿಗೆ ಬರ್ತೇನೆ ಅಂದರೆ ಬರ್ತೇನೆ, ಕಾಯುತ್ತಾನೆ ಎಂದು ನೀನೇ ಬರೆದಿದ್ದೀಯಲ್ಲ. ನನಗೆ ಬಾಗಿಲಲ್ಲಿ ಬೇಕಾಗಿರುವುದು ಅಂಥ ಕನ್ನಡದವನೇ. ನಾನು ಅದನ್ನು ಹೇಳುವುದೂ ಅದೇ ಅರ್ಥದಲ್ಲಿ. ಇಷ್ಟು ವರ್ಷದಲ್ಲಿ ಮೊದಲ ಸಲ.

ಇದು ಮುಗಿದ ಮೇಲೆ ಮೈಸೂರಿಗೆ ಹೋಗಿ ಅಮ್ಮನ ಹತ್ತಿರ ಮಾತಾಡುತ್ತೇನೆ. ನೀನು ಅಂದು ಕೇಳಿದ ಪ್ರಶ್ನೆಗೆ ನನ್ನ ಉತ್ತರ ನೋಡೋಣ ಅಲ್ಲ. ತಡವಾಯಿತು ಎಂದು ಗೊತ್ತು. ಬೇಡ ಎಂದು ನೀನು ಹೇಳಿದರೂ ಒಪ್ಪುತ್ತೇನೆ, ಆದರೆ ನೀನು ಹೇಳಬೇಕು. ಭಾನುವಾರ ಕಲ್ಯಾಣಕ್ಕೆ, ನಿಮ್ಮ ಮನೆಗೆ,

ಬರ್ತೇನೆ,
ಸುಪ್ರೀತ್


ಕಲ್ಯಾಣ
26 ಮೇ 2007, ಶನಿವಾರ ಸಂಜೆ

ಸುಪ್ರೀತ್,

ಮೊದಲು ಕ್ಷೇಮ. ನಿಯಮಕ್ಕೆ ಬರೆದದ್ದಲ್ಲ. ಇವತ್ತು ನಿಜವಾಗಿ ಕ್ಷೇಮ ಅನ್ನಿಸುತ್ತಿದೆ.

ಮನೀಷ್ ಈಗಷ್ಟೇ ಬಂದ. ಶೂ ಬಿಚ್ಚುತ್ತಲೇ, “ದೀದಿ, ತೇರಾ ವೋ ಸುಪ್ರೀತ್ ಭಯ್ಯಾ ಆಯಾ ಥಾ ಆಜ್. ಪ್ಯಾನಲ್ ಠೀಕ್ ಕರ್ ದಿಯಾ” ಎಂದ. ನೀನು ಬಂದು ಪ್ಯಾನಲ್ ಸರಿ ಮಾಡಿದೆಯಂತೆ. ಎರಡು ವಾರದ ಮೇಲೆ ಅವನು ತಾನಾಗಿಯೇ ಬಂದು ನನ್ನ ಜೊತೆ ಆಡಿದ ಮೊದಲ ನೆಟ್ಟಗಿನ ಮಾತು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ನೀನು ಮಾಡುವುದಿಲ್ಲ ಎಂದು ಬರೆದಿದ್ದೆ. ತಪ್ಪಾಯಿತು. ನೀನು ಮಾಡಿದೆ, ಅದೂ ಯಾರಿಗೂ ಹೇಳದೆ, ನನಗೂ ಹೇಳದೆ. ನಿನ್ನ ಮೇಲಿನ ಸಿಟ್ಟು ಎಲ್ಲ ಹೋಯಿತು ಎಂದರೆ ಸುಳ್ಳಾಗುತ್ತದೆ. ಬಹಳ ಹೋಯಿತು.

ನಾನು ಏನು ಮಾಡಿದೆ ಎಂದು ಕೇಳು, ನಗುತ್ತೀಯ. ಕಂಪೆನಿ ನನ್ನ ಮಾತು ಕೇಳದಿದ್ದ ಮೇಲೆ ತಮ್ಮನ ಕನ್ನಡವನ್ನೇ ರಿಪೇರಿ ಮಾಡಿದೆ. ಅವನು ಮಾತು ಬಿಟ್ಟಿದ್ದರೇನು, ಕಿವಿ ಇದೆಯಲ್ಲ. ಪಕ್ಕದ ಮನೆಯ ವನಮಾಲಾ ಆಂಟಿ ಬರ್ತೇನೆ ಎಂದು ಹೊರಟರೆ, “ಮನೀಷ್, ಏನಾಯ್ತೀಗ?” ಎನ್ನುತ್ತಿದ್ದೆ. ಹಾಲಿನವಳು ಬರ್ತೇನೆ ಎಂದರೂ ಅದೇ ಪ್ರಶ್ನೆ. ಮೊದಮೊದಲು ಗುರ್ ಎನ್ನುತ್ತಿದ್ದವನು ಆಮೇಲೆ ತಾನೇ “ಗಯೀ”, ಹೋದಳು, ಎನ್ನತೊಡಗಿದ. ಅಮ್ಮನ ಕೈಯಲ್ಲೂ ಹೇಳಿಸಿದೆ: “ಕನ್ನಡದವ್ರು ಬರ್ತೇನೆ ಅಂದ್ರೆ ಹೋದ್ರು ಅಂತ್ಲೇ ಮಗಾ. ಕಾಯ್ತಾ ಕೂತ್ಕೊಳ್ಬಾರ್ದು.” ಪರದೆಯ ಮೇಲೆ ಆ ಅಕ್ಷರ ಕಂಡರೆ ಒಂದು ಕ್ಷಣವೂ ಅಲ್ಲಿ ನಿಲ್ಲಬೇಡ, ಗ್ಯಾಸ್ ಮೇಲೆ ಬಾರದ ಹಾಗೆ ಕೆಳಗಿನ ಕೋಣೆಯ ಬಾಗಿಲಿಗೆ ಚಿಲಕ ಹಾಕಿ ಹೊರಗೆ ಬಾ ಎಂದು ಅಪ್ಪನ ಫೋಟೋದ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡೆ.

ಇವತ್ತು ಅದು ಫಲ ಕೊಟ್ಟಿತು ನೋಡು. ಅವನ ಬಾಯಲ್ಲೇ ಕೇಳಬೇಕಿತ್ತು ನೀನು. ನೀನು ಪ್ಯಾನಲ್ ಮುಂದೆ ಕೂತು ಏನೋ ಒತ್ತಿದೆಯಂತೆ, ಪರದೆಯ ಮೇಲೆ BARTENE ಬಂತಂತೆ. ಇವನು ವಾಲ್ವ್ ತಿರುಗಿಸುತ್ತಾ ಬೆನ್ನು ಹಾಕಿ ನಿಂತಿದ್ದನಂತೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ನೀನೂ “ಮನೀಷ್, ಬರ್ತೇನೆ” ಎಂದೆಯಂತೆ. ತಿರುಗಿ ನೋಡಿದರೆ ನೀನಿಲ್ಲ. “ಪೆಹಲೇ ಮಶೀನ್ ಬೋಲಾ, ಫಿರ್ ಭಯ್ಯಾ ಬೋಲಾ. ದೋನೋ ಗಯೇ! ಮೈ ಸಮಝ್ ಗಯಾ ಇಸ್ ಬಾರ್” ಎಂದು ಹೇಳಿ ಒಂದೇ ನಗು. ಮೊದಲು ಮಿಷನ್, ಆಮೇಲೆ ನೀನು, ಇಬ್ಬರೂ ಹೋದಿರಿ ಎಂದು ಈ ಸಲ ಅವನಿಗೆ ಅರ್ಥವಾಯಿತಂತೆ. ನಾನು ಹೇಳಿಕೊಟ್ಟ ಹಾಗೇ, ತೆರೆದಿದ್ದ ಕೆಳಗಿನ ಕೋಣೆಯ ಬಾಗಿಲು ಮುಚ್ಚಿ, ಚಿಲಕ ಹಾಕಿ, ದೀಪ ಆರಿಸಿ, ಕಾಯದೆ ಹೊರಗೆ ಬಂದನಂತೆ. ಪಾಳಿಯವರೆಲ್ಲ ಹೊರಟ ಮೇಲೆ ವಾಚ್‌ಮನ್ ಗೇಟಿಗೆ ಬೀಗ ಹಾಕಿದನಂತೆ.

ಅಷ್ಟು ಬೇಗ ಹೊರಟೆ ಯಾಕೆ ಮಾರಾಯ? ಶಹಾಡ್‌ನಿಂದ ಕಲ್ಯಾಣ ಒಂದೇ ಸ್ಟೇಷನ್. ಬಂದು ಒಂದು ಲೋಟ ನೀರಾದರೂ ಕುಡಿದು ಹೋಗಬಹುದಿತ್ತು. ಅಮ್ಮನೂ ಅದನ್ನೇ ಹೇಳಿದರು. ನಾಳೆ ಭಾನುವಾರ, ರಜೆ. ಕೆಸುವಿನೆಲೆ ತಂದು ಪತ್ರೊಡೆ ಮಾಡುತ್ತೇವೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಭಾನುವಾರ ಕಳೆದಿರುತ್ತದೆ ಎಂದು ಗೊತ್ತು. ಇದನ್ನು ಅಂಟಿಸಿದ ಮೇಲೆ ಫೋನನ್ನೇ ಮಾಡುತ್ತೇನೆ. ನಿಯಮ ಮುರಿಯೋಣ.

ನಿನ್ನ,
ಪ್ರಣೀತಾ

ತಾ.ಕ.: ಅಮ್ಮ ಕೆಳಗಿನ ಪೆಟ್ಟಿಗೆಯಿಂದ ಟಪಾಲು ತಂದರು. ಅದರಲ್ಲಿ ನಿನ್ನ ಕಾಗದವಿದೆ, ಗುರುವಾರದ ಮುದ್ರೆ. ದಪ್ಪ ಇದೆ. ಇದಕ್ಕೆ ಉತ್ತರ ಸೇರಿಸಿಯೇ ಲಕೋಟೆ ಮುಚ್ಚುತ್ತೇನೆ. ಒಂದು ನಿಮಿಷ ಇರು, ಓದಿ ಬರ್ತೇನೆ